ಮುಖ್ಯಮಂತ್ರಿಯನ್ನು ಹೊತ್ತ ಪಲ್ಲಕ್ಕಿ

ಶಾಸನಸಭೆಯ ಮಾರ್ಷಲ್‌ಗಳಲ್ಲಿ ಎಲ್ಲರಿಗಿಂತ ದಪ್ಪಗಿದ್ದು ಎಲ್ಲರಿಗಿಂತ ಮೆತ್ತಗೆ ಮಾತಾಡುತ್ತಿದ್ದವನಿಗೆ ಪಲ್ಲಕ್ಕಿ ಎಂಬ ಹೆಸರು ಬಿದ್ದದ್ದು ಅವನು ಹೊತ್ತ ಶಾಸಕರ ಬಾಯಿಂದಲೇ. ಗದ್ದಲ ಮಾಡಿ, ಹೊರಗೆ ನಡೆಯಿರಿ ಎಂದರೂ ನಡೆಯದೆ, ನೆಲಕ್ಕೆ ಅಂಟಿಕೊಂಡ ಸದಸ್ಯರನ್ನು ಎತ್ತಿಕೊಂಡು ಹೋಗಿ ಬಾಗಿಲಾಚೆ ಇಡುವುದು ಅವನ ಕೆಲಸ. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಬ್ಬೇ ಒಬ್ಬ ಶಾಸಕರನ್ನು ಎತ್ತಿ ನೋಡಲಿ, ಆಮೇಲೆ ಮಾತಾಡೋಣ. ಸಿಮೆಂಟಿನ ಮೂಟೆಯಾದರೆ ಎತ್ತಿದ ಮೇಲೆ ಸುಮ್ಮನಿರುತ್ತದೆ. ಶಾಸಕರು ಕೈಕಾಲು ಬಡಿಯುತ್ತಾರೆ, ಘೋಷಣೆ ಕೂಗುತ್ತಾರೆ, ಕೂಗುತ್ತಲೇ ಒಂದು ಕೈಯಲ್ಲಿ ಕನ್ನಡಕ ಹಿಡಿದುಕೊಳ್ಳುತ್ತಾರೆ, ಜೊತೆಗೆ ಪತ್ರಕರ್ತರು ಕೂತ ಕಡೆಗೇ ಮುಖ ಬರುವಂತೆ ಹೊರಳುತ್ತಾರೆ. ಇಷ್ಟನ್ನೂ ಸಂಭಾಳಿಸಿ, ಯಾರ ಮೊಣಕೈಯೂ ಬಾಗಿಲಿಗೆ ತಾಗದಂತೆ ಹೊರಗೆ ಇಳಿಸುವುದರಲ್ಲಿ ಪಲ್ಲಕ್ಕಿಯದು ಎತ್ತಿದ ಕೈ.

ಮೊದಲು ಅವನು ಮನೆ ಬದಲಾಯಿಸುವವರ ಸಾಮಾನು ಸಾಗಿಸುತ್ತಿದ್ದ. ಬೀರು, ಮಂಚ, ಊಟದ ಮೇಜು, ಒಮ್ಮೆ ಒಳಗೆ ಬೆಕ್ಕು ಮಲಗಿದ್ದ ಒಂದು ಕಪಾಟು. ದೊಡ್ಡ ಸಾಮಾನನ್ನು ಇಬ್ಬರು ಹಿಡಿದಾಗ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಅದಕ್ಕೆ ಅವರಲ್ಲಿ ಒಂದು ಪದ್ಧತಿ: ಎತ್ತುವ ಮುಂಚೆ ಸಾಮಾನಿನ ಬೆನ್ನಿಗೆ ಎರಡು ಸಲ ತಟ್ಟುವುದು. ಮೊದಲ ತಟ್ಟಿಗೆ ಹಿಡಿ, ಎರಡನೆಯ ತಟ್ಟಿಗೆ ಎತ್ತು. ಶಾಸನಸಭೆಯ ಕಾರ್ಯದರ್ಶಿ ಮನೆ ಬದಲಾಯಿಸಿದ ದಿನ ಪಲ್ಲಕ್ಕಿ ಅವರ ಕಬ್ಬಿಣದ ಬೀರುವನ್ನು ಕಿರಿದಾದ ಮೆಟ್ಟಿಲಲ್ಲಿ ಗೋಡೆಗೆ ಒಂದು ಗೀರೂ ಆಗದಂತೆ ಇಳಿಸಿದ. ಕಾರ್ಯದರ್ಶಿಗಳು ಬೀರುವಿನ ಸುತ್ತ ಒಂದು ಸುತ್ತು ಬಂದು, ನಮ್ಮಲ್ಲೂ ಇಂಥವು ಬಹಳ ಇವೆ, ಬರುತ್ತೀಯಾ ಎಂದರು.

ಹೊಸ ಕೆಲಸಕ್ಕೆ ಬಂದ ಮೇಲೂ ಕೈಯ ಹಳೆಯ ಪಾಠ ಬಿಡಲಿಲ್ಲ. ಗದ್ದಲದ ನಡುವೆ ಹೋಗಿ, ಕಿರುಚುತ್ತಿರುವವರ ಬೆನ್ನಿಗೆ ಮೆಲ್ಲಗೆ ಎರಡು ತಟ್ಟು. ಕೆಲವೇ ದಿನಗಳಲ್ಲಿ ಎರಡೂ ಪಕ್ಷದವರಿಗೆ ಅದರ ಅರ್ಥ ತಿಳಿದುಹೋಯಿತು. ಮೊದಲನೆಯದು, ನಾನು ಬಂದೆ. ಎರಡನೆಯದು, ಮೈ ಸಡಿಲ ಬಿಡಿ. ಬಾಯಲ್ಲಿ ಸರ್ಕಾರಕ್ಕೆ ಧಿಕ್ಕಾರ ಕೂಗುತ್ತಿದ್ದವರೂ ಎರಡನೆಯ ತಟ್ಟಿಗೆ ಮೈ ಸಡಿಲ ಬಿಟ್ಟು, ಎಡಗೈಯನ್ನು ಅವನ ಕುತ್ತಿಗೆಗೆ ಹಾಕಿ ಭದ್ರವಾಗುತ್ತಿದ್ದರು. ಒಬ್ಬರಿಗೆ ಬೆನ್ನುನೋವು, ಹುಷಾರಾಗಿ ಎತ್ತಬೇಕು. ಇನ್ನೊಬ್ಬರಿಗೆ ಕಂಕುಳಲ್ಲಿ ಕಚಗುಳಿ. ಅಲ್ಲಿ ಕೈ ತಾಗಿತೋ, ಪ್ರಜಾಪ್ರಭುತ್ವದ ಕೊಲೆ ಎಂದು ಕೂಗುತ್ತಾ ಕಿಸಕ್ಕನೆ ನಕ್ಕುಬಿಡುವರು. ಮತ್ತೊಬ್ಬರು ಮುಂಚಿತವಾಗಿಯೇ ಬಂದು, ಇವತ್ತು ಮಧ್ಯಾಹ್ನ ನನ್ನದಿದೆ, ಕ್ಯಾಮೆರಾ ಮುಂದೆ ಸ್ವಲ್ಪ ನಿಧಾನವಾಗಿ ಹೋಗು ಎಂದು ಕಿವಿಯಲ್ಲಿ ಹೇಳಿ, ತಲೆ ಬಾಚಿಕೊಂಡು ಒಳಗೆ ಹೋಗುವರು.

ಅವನು ಅತಿ ಹೆಚ್ಚು ಸಲ ಹೊತ್ತದ್ದು ಮಾತ್ರ ಒಬ್ಬರನ್ನೇ. ಗಂಟಲು ಅಷ್ಟು ದೊಡ್ಡದಾಗಿದ್ದರಿಂದ ಸಭೆಯಲ್ಲೆಲ್ಲ ಅವರಿಗೆ ನಗಾರಿ ಎಂದೇ ಹೆಸರು. ಆಗ ನಗಾರಿ ವಿರೋಧ ಪಕ್ಷದ ನಾಯಕರು. ಮುಖ್ಯಮಂತ್ರಿಯಾಗಿದ್ದವರು ಮೇಷ್ಟ್ರು, ರಾಜಕೀಯಕ್ಕೆ ಬರುವ ಮುಂಚೆ ಪಾಠ ಹೇಳುತ್ತಿದ್ದರು, ಈಗಲೂ ಎದುರಿಗಿದ್ದವರೆಲ್ಲ ಹಿಂದಿನ ಬೆಂಚಿನವರು ಎಂಬಂತೆ ನೋಡುತ್ತಿದ್ದರು. ಈ ಮೇಷ್ಟ್ರು ಒಂದು ದಿನ ಸಭೆಗೆ ಹೇಳದೆ ಕೇಳದೆ ಒಂದೇ ಒಂದು ಸಹಿ ಹಾಕಿ ವಿದ್ಯುತ್ ಮಂಡಳಿಯನ್ನು ತಮ್ಮ ಕಚೇರಿಯ ಅಡಿಗೆ ಎಳೆದುಕೊಂಡರು. ನಗಾರಿ ಕೆಂಡವಾದರು. ಸಭಾಧ್ಯಕ್ಷರ ಪೀಠದ ಮುಂದಿನ ತಗ್ಗಿಗೆ, ಅಂದರೆ ಎಲ್ಲರೂ ಬಾವಿ ಎನ್ನುವ ಜಾಗಕ್ಕೆ ಇಳಿದು, ಬೆರಳೆತ್ತಿ, “ಯಾರನ್ನ ಕೇಳಿ ಮಾಡಿದ್ರಿ?” ಎಂದು ಗುಡುಗಿದರು. ಮೇಷ್ಟ್ರು ಉತ್ತರ ಕೊಡಲಿಲ್ಲ. ನಗಾರಿ ಬಿಡಲಿಲ್ಲ. ಬೆಳಗ್ಗೆ ಸಭೆ ಶುರುವಾಗುವುದು, ನಗಾರಿ ಬಾವಿಗಿಳಿದು ಅದೇ ಬೆರಳು, ಅದೇ ಮಾತು, ಪಲ್ಲಕ್ಕಿಯ ಎರಡು ತಟ್ಟು, ಕುತ್ತಿಗೆಗೆ ಎಡಗೈ, ಹೊರಗೆ. ಆ ಅಧಿವೇಶನವೆಲ್ಲ ಹೀಗೇ ನಡೆಯಿತು, ಮುಂದಿನದೂ.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಇಳಿಸಿದ ಕೂಡಲೇ ನಗಾರಿಯ ಕೋಪವೆಲ್ಲ ಇಳಿದುಹೋಗುತ್ತಿತ್ತು. ಒಂದು ಲೋಟ ನೀರು ಕುಡಿದು, ಇವತ್ತು ಹೇಗಿತ್ತಯ್ಯ ಎಂದು ಕೇಳುತ್ತಿದ್ದರು. ನಿನ್ನೆಯದು ಇನ್ನೂ ಚೆನ್ನಾಗಿತ್ತು ಸಾರ್ ಎಂದು ಪಲ್ಲಕ್ಕಿ ಹೇಳಿದರೆ ಮುಖ ಸಣ್ಣಗಾಗುತ್ತಿತ್ತು. ಪಲ್ಲಕ್ಕಿಗೆ ಅವರನ್ನು ಕಂಡರೆ ಪ್ರೀತಿ. ದಿನಾ ಎದೆಗೆ ಒರಗಿಸಿಕೊಂಡು ಹೊತ್ತ ಮನುಷ್ಯನ ಮೇಲೆ ಪ್ರೀತಿ ಬಾರದೆ ಏನು ಮಾಡುತ್ತದೆ.

ಚುನಾವಣೆ ಬಂತು, ಗಾಳಿ ತಿರುಗಿತು. ನಗಾರಿ ಮುಖ್ಯಮಂತ್ರಿಯಾದರು, ಮೇಷ್ಟ್ರು ವಿರೋಧ ಪಕ್ಷದ ಬೆಂಚಿಗೆ ಬಂದು ಕೂತರು. ಸಭಾಧ್ಯಕ್ಷರ ಪೀಠಕ್ಕೆ ಹಳೆಯ ವಕೀಲರಾದ ಒಬ್ಬ ಅಮ್ಮ ಬಂದರು. ನಗಾರಿಗೆ ಕಾರು ಬಂತು, ಮೈಯೂ ಬಂತು, ಪಡಸಾಲೆಯಲ್ಲಿ ಪಲ್ಲಕ್ಕಿಯನ್ನು ಕಂಡರೆ ತಲೆ ಅರ್ಧ ಅಲುಗಿಸುವಷ್ಟು ಬಿಗುಮಾನವೂ ಬಂತು. ವರ್ಷ ಕಳೆಯುವುದರೊಳಗೆ ಅವರೂ ಒಂದು ಸಹಿ ಹಾಕಿದರು. ಈ ಸಲ ನೀರು ಸರಬರಾಜು ಮಂಡಳಿ.

ಇದರ ಬಿಸಿ ಮೊದಲು ತಟ್ಟಿದ್ದು ಪಲ್ಲಕ್ಕಿಯ ಮನೆಗೇ. ಶಾಸನಸಭೆಯ ಹಿಂದುಗಡೆ, ಸಿಬ್ಬಂದಿಗೆಂದು ಕಟ್ಟಿದ ಪುಟ್ಟ ಮನೆ. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಟೀವಿ, ಎರಡು ಕುರ್ಚಿ. ಒಂದರಲ್ಲಿ ಅವನ ಅಮ್ಮ, ಇನ್ನೊಂದರಲ್ಲಿ ಅವನ ಮಾವ. ಅಮ್ಮ ನಗಾರಿಯ ಪಕ್ಷ, ಮಾವ ಮೇಷ್ಟ್ರ ಪಕ್ಷ. ಸುದ್ದಿ ಶುರುವಾದರೆ ಸಾಕು, ಬೀಗರೆ, ನಿಮ್ಮವರು ಆಗ ಏನು ಮಾಡಿದ್ದರು ಎಂದು ಅಮ್ಮ. ಬೀಗಿತ್ತಿಯವರೆ, ಈಗ ಇವರು ಮಾಡುತ್ತಿರುವುದೇನು ಎಂದು ಮಾವ. ಮಾತು ಮಿತಿಮೀರಿದಾಗ ಪಲ್ಲಕ್ಕಿ ಸುಮ್ಮನೆ ಎದ್ದು, ಮಾವನ ಬೆನ್ನಿಗೆ ಎರಡು ತಟ್ಟಿ, ಕುರ್ಚಿ ಸಮೇತ ಎತ್ತಿ ಅಡುಗೆಮನೆಯಲ್ಲಿ ಇಟ್ಟು ಬರುತ್ತಿದ್ದ. ಮಾವ ಅಲ್ಲಿಂದಲೇ ಚರ್ಚೆ ಮುಂದುವರಿಸುತ್ತಿದ್ದರು.

ನೀರು ಮಂಡಳಿ ಕೈ ಬದಲಾದ ಮೇಲೆ ನಲ್ಲಿ ತನಗೆ ಮನಸ್ಸು ಬಂದಾಗ ಮಾತ್ರ ಕೆಮ್ಮತೊಡಗಿತು. ಮೊದಲಾದರೆ ಹೆಂಡತಿ ಮಂಡಳಿಗೆ ಫೋನು ಮಾಡಿ ಅಲ್ಲಿಯ ಗುಮಾಸ್ತನ ಚಳಿ ಬಿಡಿಸುತ್ತಿದ್ದಳು. ಈಗ ಆ ನಂಬರಿಗೆ ಮಾಡಿದರೆ, ಮುಖ್ಯಮಂತ್ರಿಗಳ ಕಚೇರಿ, ದಯವಿಟ್ಟು ಕಾಯಿರಿ ಎಂಬ ಹಾಡು. ಬೈಯೋಣ ಎಂದರೆ ಬೈಸಿಕೊಳ್ಳಲು ಒಬ್ಬ ಮನುಷ್ಯ ಸಿಗುತ್ತಿರಲಿಲ್ಲ. ಅವಳಿಗೆ ರಾಜಕೀಯ ಬೇಡ. ಅವಳ ಕಾಯಿದೆ ಒಂದೇ, ಅದನ್ನು ಗಂಡನಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಅವಳ ಕತ್ತರಿಯನ್ನು ಅವನು ಉಗುರು ಕತ್ತರಿಸಲು ಒಯ್ದು ಎಲ್ಲೋ ಇಟ್ಟುಬಿಡುವುದು, ಅವಳು ಮನೆಯೆಲ್ಲ ಹುಡುಕಿ ಸುಸ್ತಾಗುವುದು, ಕೊನೆಗೆ ಆ ಮಾತು: “ಎತ್ತಿದ್ದನ್ನ ಎತ್ತಿದ ಜಾಗಕ್ಕೇ ಇಡೋಕೆ ಏನ್ರೀ ಕಷ್ಟ ನಿಮಗೆ?” ಊರಿನ ದೊಡ್ಡ ದೊಡ್ಡವರನ್ನೆಲ್ಲ ಎತ್ತಿದವನು ಆಗ ಬಗ್ಗಿ ಮಂಚದ ಅಡಿಯಲ್ಲಿ ಕತ್ತರಿ ಹುಡುಕುತ್ತಿದ್ದ.

ಒಂದು ದಿನ ಸಭೆಯಲ್ಲಿ ಮೇಷ್ಟ್ರು ಬಾವಿಗಿಳಿದರು. ಇಳಿದು, ತಮಗೆ ಅಭ್ಯಾಸವಿಲ್ಲದ ಕೀರಲು ದನಿಯಲ್ಲಿ, ನೀರು ಮಂಡಳಿಯನ್ನು ಯಾರನ್ನು ಕೇಳಿ ತೆಗೆದುಕೊಂಡಿರಿ ಎಂದು ಕೂಗಿದರು. ಮಾತು ತಮ್ಮದು, ಕೂಗಿದವರು ಬೇರೆ; ನಗಾರಿಗೆ ತಡೆದುಕೊಳ್ಳಲಾಗಲಿಲ್ಲ. ಇಂಥದ್ದನ್ನು ಹೇಗೆ ಕೂಗಬೇಕೆಂದು ತೋರಿಸುವವರಂತೆ ಅವರೂ ದಡದಡ ಬಾವಿಗಿಳಿದುಬಿಟ್ಟರು. ತಾವು ಮುಖ್ಯಮಂತ್ರಿ ಎಂಬುದೇ ಆ ಗಳಿಗೆಯಲ್ಲಿ ಅವರಿಗೆ ಮರೆತುಹೋಗಿತ್ತು. ನೀವು ವಿದ್ಯುತ್ ಮಂಡಳಿ ನುಂಗಿದಾಗ ಎಂದು ಶುರು ಮಾಡಿ, ಬೆರಳನ್ನು ಎತ್ತರಕ್ಕೆ ಎತ್ತಿ, ಇಡೀ ಸಭೆಯ ಗಾಜುಗಳು ಗಡಗಡ ಎನ್ನುವಂತೆ, “ಯಾರನ್ನ ಕೇಳಿ ಮಾಡಿದ್ರಿ?”

ಪೀಠದಲ್ಲಿದ್ದ ಅಮ್ಮ ಪೆನ್ನನ್ನು ಮೇಷ್ಟ್ರ ಕಡೆಗೆ ಚಾಚಿ, ಅವರನ್ನು ಹೊರಗೆ ಕರೆದೊಯ್ಯಿರಿ ಎಂದರು.

ಪಲ್ಲಕ್ಕಿ ಪೆನ್ನು ನೋಡಲಿಲ್ಲ. ಅವನ ಕಿವಿಗೆ ಬಿದ್ದದ್ದು ಆ ದನಿ, ಕಣ್ಣಿಗೆ ಬಿದ್ದದ್ದು ಆ ಬೆರಳು. ಉಳಿದದ್ದನ್ನು ಕೈಗಳೇ ನೋಡಿಕೊಂಡವು. ಎರಡು ತಟ್ಟು, ಮೊಣಕಾಲ ಕೆಳಗೆ ಒಂದು ಕೈ, ಬೆನ್ನಿಗೆ ಒಂದು ಕೈ. ಅಯ್ಯೋ, ಇವರು ಎಷ್ಟು ಭಾರವಾಗಿದ್ದಾರೆ ಎಂದು ಒಂದು ಯೋಚನೆ ಬಂತೇ ಹೊರತು, ಯಾಕೆ ಭಾರವಾದರು ಎಂಬುದು ಬರಲಿಲ್ಲ. ನಗಾರಿಯ ಎಡಗೈ ಕೂಡ ತಾನಾಗಿ ಬಂದು ಅವನ ಕುತ್ತಿಗೆಯನ್ನು ಸುತ್ತಿಕೊಂಡಿತು. ಇಡೀ ಸಭೆ ಬಾಯಿ ತೆರೆದು ನೋಡುತ್ತಿರುವಾಗ ಇಬ್ಬರೂ ಹಳೆಯ ದಾರಿಯಲ್ಲಿ, ಹಳೆಯ ವೇಗದಲ್ಲಿ, ಪತ್ರಕರ್ತರ ಮುಂದೆ ಸ್ವಲ್ಪ ನಿಧಾನಿಸಿ, ಬಾಗಿಲು ದಾಟಿದರು.

ಪಡಸಾಲೆಯ ಬೆಂಚು ಬಂತು. ಪಲ್ಲಕ್ಕಿ ಇಳಿಸಿದ. ನಗಾರಿ ಅಂಗಿ ಎಳೆದುಕೊಂಡು, ಮುಖವೆಲ್ಲ ಅರಳಿಸಿ, ಇವತ್ತು ಹೇಗಿತ್ತಯ್ಯ ಎಂದರು. ಬಹಳ ದಿನದ ಮೇಲೆ ಸಾರ್, ಫಸ್ಟ್‌ಕ್ಲಾಸ್ ಎಂದ ಪಲ್ಲಕ್ಕಿ, ನೀರು ತರಲು ತಿರುಗಿದ. ತಿರುಗಿದವನು ಅಲ್ಲೇ ನಿಂತ. ಹಿಂದಿನಿಂದ ನಗಾರಿಯ ದನಿ ಬಂತು, ಇಷ್ಟು ಸಣ್ಣ ದನಿಯನ್ನು ಅವನು ಅವರಿಂದ ಕೇಳಿರಲೇ ಇಲ್ಲ.

“ನಾನು ಮುಖ್ಯಮಂತ್ರಿ ಕಣಯ್ಯ.”

“ಹೌದಲ್ವಾ ಸಾರ್,” ಎಂದ ಪಲ್ಲಕ್ಕಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಗಾರಿಯ ಹೊಟ್ಟೆ ಕುಲುಕಿತು, ಆಮೇಲೆ ಪಲ್ಲಕ್ಕಿಯದು. ಬೆಂಚು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಶಬ್ದ ಹೊರಬೀಳದಂತೆ ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ಅಷ್ಟರಲ್ಲಿ ಬಾಗಿಲು ತೆರೆದು ಎರಡೂ ಪಕ್ಷದವರು ಹೊರಗೆ ನುಗ್ಗಿದರು. ನಗಾರಿ ತಟ್ಟನೆ ನಗು ನುಂಗಿ ಮುಖ್ಯಮಂತ್ರಿಯ ಮುಖ ಹಾಕಿಕೊಂಡರು. ಪಲ್ಲಕ್ಕಿಗೆ ಹಾಕಿಕೊಳ್ಳಲು ಬೇರೆ ಮುಖ ಇರಲಿಲ್ಲ.

ಆಮೇಲೆ ನಡೆದದ್ದನ್ನು ಹೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ, ಹಾಗಾಗಿ ನಗುವುದೇ ಒಳ್ಳೆಯದು. ಸಭೆಯಿಂದ ಹೊರಗೆ ಹಾಕಿಸಿಕೊಂಡವರು ಆ ದಿನ ಮತ್ತೆ ಒಳಗೆ ಬರುವಂತಿಲ್ಲ ಎಂದು ನಿಯಮ. ಆಳುವ ಪಕ್ಷದವರು, ಸರ್ಕಾರದ ಮುಖ್ಯಸ್ಥರಿಗೆ ಈ ನಿಯಮವೇ ಇಲ್ಲ, ಅವರನ್ನು ಮುಟ್ಟುವ ಅಧಿಕಾರ ಸಭೆಗೆ ಎಲ್ಲಿಂದ ಬಂತು ಎಂದು ಮೇಜು ಗುದ್ದಿದರು. ವಿರೋಧ ಪಕ್ಷದವರು, ಸಭೆಯೇ ದೊಡ್ಡದು, ಮುಖ್ಯಮಂತ್ರಿಯಾದರೇನು, ಹೊರಗೆ ಅಂದರೆ ಹೊರಗೆ ಎಂದು ಇನ್ನೂ ಜೋರಾಗಿ ಗುದ್ದಿದರು. ಊಟದ ಬಿಡುವಿನಲ್ಲಿ ಯಾರೋ ಒಬ್ಬರಿಗೆ ಹೊಳೆಯಿತು: ಮುಖ್ಯಮಂತ್ರಿ ಹೊರಗಿದ್ದರೆ ನೀರು ಮಂಡಳಿಯ ಪ್ರಶ್ನೆಗೆ ಉತ್ತರ ಕೊಡುವವರು ಯಾರು? ಊಟ ಮುಗಿಸಿ ಬಂದವರು ವಾದಗಳನ್ನು ಅದಲುಬದಲು ಮಾಡಿಕೊಂಡಿದ್ದರು. ಈಗ ಆಳುವ ಪಕ್ಷದವರಿಗೆ ಸಭೆಯೇ ದೇವರು, ನಿಯಮವೆಂದರೆ ನಿಯಮ, ನಮ್ಮ ನಾಯಕರು ತಲೆಬಾಗಿ ಹೊರಗೇ ಇರುತ್ತಾರೆ. ವಿರೋಧ ಪಕ್ಷದವರಿಗೆ, ಮುಖ್ಯಮಂತ್ರಿಯನ್ನು ಹೊರಗಿಡಲು ಯಾರಿಂದಲೂ ಸಾಧ್ಯವಿಲ್ಲ, ಈಗಲೇ ಒಳಗೆ ಬರಲಿ. ರಾಷ್ಟ್ರದ ದೊಡ್ಡ ಸಭೆಯಲ್ಲಿ ಮೇಷ್ಟ್ರ ಪಕ್ಷ ಆಳುತ್ತಿತ್ತು, ನಗಾರಿಯ ಪಕ್ಷ ವಿರೋಧದಲ್ಲಿತ್ತು. ಅಲ್ಲಿಯೂ ಅದೇ ವಾರ ಪ್ರಧಾನಿಯವರ ಯಾವುದೋ ಸಹಿಯ ಗಲಾಟೆ. ಆದ್ದರಿಂದ ಎರಡೂ ಪಕ್ಷದವರು ಇಲ್ಲಿ ಬೆಳಗ್ಗೆ ತಾವೇ ಅಲ್ಲಗಳೆದ ವಾದವನ್ನು ಅಲ್ಲಿ ಸಂಜೆ ಎತ್ತಿಕೊಂಡರು. ಟೀವಿಯ ಮುಂದೆ ಕೂತಿದ್ದ ಅಮ್ಮನೂ ಮಾವನೂ ಯಾವಾಗ ಯಾವುದಕ್ಕೆ ಹೂಂ ಅನ್ನಬೇಕೋ ತಿಳಿಯದೆ ಮೊದಲ ಬಾರಿಗೆ ಸುಮ್ಮನೆ ಕೂತರು.

ಒಂದು ವಿಷಯದಲ್ಲಿ ಮಾತ್ರ ಎರಡೂ ಪಕ್ಷದವರಿಗೆ ಒಮ್ಮತವಿತ್ತು: ಇದು ಕೈತಪ್ಪಿ ಆದದ್ದಲ್ಲ. ಮೇಷ್ಟ್ರು ಈ ಮಾರ್ಷಲ್‌ನನ್ನು ಬುಟ್ಟಿಗೆ ಹಾಕಿಕೊಂಡು ಮುಖ್ಯಮಂತ್ರಿಗೆ ಅವಮಾನ ಮಾಡಿಸಿದರು ಎಂದು ಆಳುವ ಪಕ್ಷದವರು. ಉತ್ತರ ತಪ್ಪಿಸಿಕೊಳ್ಳಲು ಮುಖ್ಯಮಂತ್ರಿಯೇ ತಮ್ಮನ್ನು ಹೊರಿಸಿಕೊಂಡು ಹೋದರು ಎಂದು ವಿರೋಧ ಪಕ್ಷದವರು. ವಿಚಾರಣೆಗೆ ಎರಡೂ ಪಕ್ಷದ ಸದಸ್ಯರ ಸಮಿತಿಯಾಯಿತು. ಅದು ಮುಗಿಯುವ ತನಕ ಪಲ್ಲಕ್ಕಿ ಅಮಾನತು. ಸಂಚು ಸಾಬೀತಾದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಮನೆಯೂ.

ಅವನು ಮನೆಯಲ್ಲಿ ಕೂತ. ಕೂತು ಅಭ್ಯಾಸವಿಲ್ಲದ ಮನುಷ್ಯ. ಬೀರುವನ್ನು ಎತ್ತಿ ಆ ಮೂಲೆಗೆ ಇಟ್ಟ, ಮಂಚವನ್ನು ಈ ಮೂಲೆಗೆ ತಂದ, ಹೊಲಿಗೆ ಯಂತ್ರವನ್ನು ಹೆಂಡತಿ ಹೊಲಿಯುತ್ತಿರುವಾಗಲೇ ಬೆಳಕಿನ ಕಡೆಗೆ ಸರಿಸಿದ. ಮಾವ ಅವನ ಕೈ ಕಂಡರೆ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳತೊಡಗಿದರು. ಒಳಗೊಳಗೆ ಅವನಿಗೆ ಭಯವಾಗಿತ್ತು. ಈ ವಯಸ್ಸಿನಲ್ಲಿ ಮತ್ತೆ ಬೀರು ಹೊರಲು ಹೋದರೆ ಬೆನ್ನು ಕೇಳುತ್ತದೆಯೇ, ಅಮ್ಮ ಮಾವ ಇಬ್ಬರನ್ನೂ ಕರೆದುಕೊಂಡು ಎಲ್ಲಿ ಬಾಡಿಗೆ ಹಿಡಿಯುವುದು ಎಂದು ಯೋಚನೆ ಬಂದರೆ ಅರ್ಧ ಊಟಕ್ಕೆ ಎದ್ದು ಬೀರುವನ್ನು ಮತ್ತೆ ಸರಿಸುತ್ತಿದ್ದ.

ಒಂದು ಸಂಜೆ ಆಳುವ ಪಕ್ಷದಿಂದ ಒಬ್ಬರು ಬಂದರು. ಹೊಲಿಗೆ ಬಟ್ಟೆಯ ರಾಶಿ ಸರಿಸಿ ಕೂತು, ಜೇನು ಸುರಿದಂತೆ ಮಾತಾಡಿದರು: ಮೇಷ್ಟ್ರು ಕಣ್ಸನ್ನೆ ಮಾಡಿದರು ಅಂತ ಒಂದು ಮಾತು ಹೇಳು, ಕೆಲಸ ಭದ್ರ. ಅವರ ನೀರಿನ ಲೋಟ ಇನ್ನೂ ಮೇಜಿನ ಮೇಲಿರುವಾಗಲೇ ಹಿತ್ತಿಲ ಬಾಗಿಲಿಂದ ವಿರೋಧ ಪಕ್ಷದವರೊಬ್ಬರು ಬಂದರು. ಮುಖ್ಯಮಂತ್ರಿಗಳ ಕಚೇರಿಯಿಂದ ಮೊದಲೇ ಹೇಳಿದ್ದರು ಅಂತ ಒಂದು ಮಾತು ಹೇಳು, ಮುಂದಿನ ಸಲ ನಾವೇ ಬರುತ್ತೇವೆ. ಹೆಂಡತಿ ಯಂತ್ರ ತುಳಿಯುವುದು ನಿಲ್ಲಿಸಲಿಲ್ಲ. ಅವರು ಹೋದ ಮೇಲೆ ಅಮ್ಮ ಒಂದು ಕಡೆಯಿಂದ, ಮಾವ ಇನ್ನೊಂದು ಕಡೆಯಿಂದ, ಹೇಳಿಬಿಡಪ್ಪಾ ಎಂದು ಶುರು ಮಾಡಿದರು. ಏನು ಹೇಳಬೇಕು ಎಂಬುದರಲ್ಲಿ ಮಾತ್ರ ಅವರಿಗೆ ಭೇದವಿತ್ತು.

ಪಲ್ಲಕ್ಕಿ ಹೆಂಡತಿಯ ಮುಖ ನೋಡಿದ. ನಿಜ ಹೇಳಿದರೆ ಯಾರೂ ನಂಬುವುದಿಲ್ಲವಲ್ಲ ಎಂದ.

“ನಂಬೋದು ಬಿಡೋದು ಅವರಿಗೆ ಬಿಟ್ಟದ್ದು,” ಅವಳು ದಾರ ಕಡಿದುಕೊಂಡಳು. “ನೀವು ಎತ್ತಿದ್ದು ನಿಜ. ಎತ್ತಿದ್ದನ್ನ ವಾಪಸ್ ಇಟ್ಟಿಲ್ಲ, ಅದೂ ನಿಜ. ಮೊದಲು ನನ್ನ ಕತ್ತರಿ ಎಲ್ಲಿ ಹೇಳಿ.”

ಕತ್ತರಿ ಅವನಿಗೆ ನೆನಪಾಗಲಿಲ್ಲ.

ವಿಚಾರಣೆ ನಡೆದದ್ದು ಸಭಾಂಗಣದ ಪಕ್ಕದ ಕೋಣೆಯಲ್ಲಿ. ನಡುವೆ ಒಂದೇ ಬಾಗಿಲು. ಆಚೆ ಸಭೆ ಸೇರಿತ್ತು, ಆದರೆ ವಿಚಾರಣೆಯ ತೀರ್ಮಾನ ಬರುವ ತನಕ ಒಂದು ಕಡತವೂ ಅಲುಗದಂತೆ ಎರಡೂ ಪಕ್ಷದವರು ಕುಕ್ಕರಿಸಿದ್ದರು. ನಗಾರಿ ಆ ದಿನದಿಂದ ಒಳಗೆ ಕಾಲಿಟ್ಟಿರಲಿಲ್ಲ. ವಿಚಾರಣೆ ನಡೆಯುವಾಗ ಬರುವುದು ಸಭ್ಯತೆಯಲ್ಲ ಎಂದು ಅವರ ಪಕ್ಷದವರ ಹೊಸ ವಾದ. ಅಷ್ಟು ದಿನವೂ ಪ್ರಶ್ನೆ ಬಾವಿಯಲ್ಲೇ ಬಿದ್ದಿತ್ತು, ಊರಿನ ನಲ್ಲಿಗಳು ಕೆಮ್ಮುತ್ತಲೇ ಇದ್ದವು. ಸಮಿತಿಯ ಮುಂದೆ ಬರಲು ಮುಖ್ಯಮಂತ್ರಿಗೆ ಹೇಳುವ ಅಧಿಕಾರ ಯಾರಿಗಿದೆ ಎಂದು ಅದಕ್ಕೂ ಒಂದು ಜಗಳವಾಗಿ, ಕೊನೆಗೆ ಅವರು ಕರೆದದ್ದಕ್ಕೆ ಬಂದಿಲ್ಲ, ಆ ಕಡೆ ಹೋಗುತ್ತಿದ್ದವರು ಹಾಗೇ ಬಂದಿದ್ದಾರೆ ಎಂದು ಬರೆದುಕೊಂಡರು.

ಪೀಠದ ಅಮ್ಮ ನಡುವೆ ಕೂತಿದ್ದರು. ಯಾರ ಮಾತಿಗೆ ಎತ್ತಿದೆ ಎಂದು ಕೇಳಿದರು. ಯಾರ ಮಾತಿಗೂ ಅಲ್ಲ, ಕೈಗೆ ಅಭ್ಯಾಸ ಎಂದ ಪಲ್ಲಕ್ಕಿ. ಬೀರುವಿನಿಂದ ಹಿಡಿದು, ಎರಡು ತಟ್ಟಿನಿಂದ ಹಿಡಿದು, ಬೆರಳಿನ ತನಕ ಎಲ್ಲ ಹೇಳಿದ. ಆಳುವ ಪಕ್ಷದವರು ಹಣೆ ಚಚ್ಚಿಕೊಂಡರು. ವಿರೋಧ ಪಕ್ಷದವರು ಕೈಗೆ ಅಭ್ಯಾಸವಂತೆ ಎಂದು ಗಹಗಹಿಸಿದರು. ಒಬ್ಬ ಮನುಷ್ಯ ನೋಡದೆ ಮುಖ್ಯಮಂತ್ರಿಯನ್ನು ಎತ್ತುತ್ತಾನೆ, ಮುಖ್ಯಮಂತ್ರಿ ಸುಮ್ಮನೆ ಎತ್ತಿಸಿಕೊಳ್ಳುತ್ತಾರೆ, ಇದನ್ನು ನಾವು ನಂಬಬೇಕು ಎಂದು ಸಮಿತಿಯ ಕೊನೆಯ ಕುರ್ಚಿಯಲ್ಲಿದ್ದ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಕುತ್ತಿಗೆಗೆ ಕೈ ಹಾಕಿದ್ದು ಯಾಕೆ ಎಂದು ನಗಾರಿಯನ್ನೇ ಕೇಳಿದರು. ನಗಾರಿ, ನಾನು ಯಾರ ಕುತ್ತಿಗೆಗೂ ಕೈ ಹಾಕಿಲ್ಲ, ಮುಖ್ಯಮಂತ್ರಿಯ ಕೈ ಅಷ್ಟು ಸುಲಭವಾಗಿ ಯಾರ ಕುತ್ತಿಗೆಗೂ ಹೋಗುವುದಿಲ್ಲ ಎಂದು ಎದೆಯುಬ್ಬಿಸಿ ಎದ್ದು ನಿಂತರು.

ಪಲ್ಲಕ್ಕಿಯ ಪಾಲಿಗಿದ್ದ ಒಬ್ಬರೇ ಸಾಕ್ಷಿ ಹೀಗೆ ಕೈಯೆತ್ತಿಬಿಟ್ಟರೆ ಉಳಿದದ್ದೇನು? ಅಮ್ಮನ ಕುರ್ಚಿ, ಮಾವನ ಕುರ್ಚಿ, ಹೊಲಿಗೆ ಯಂತ್ರ ಎಲ್ಲ ಒಂದು ಗಾಡಿಯ ಮೇಲೆ ಏರಿದಂತೆ ಅವನ ಕಣ್ಣಿಗೆ ಕಂಡಿತು.

“ಅಮ್ಮಾ, ಒಂದು ಸಲ ತೋರಿಸ್ಲಾ?” ಎಂದ.

ಪೀಠದ ಅಮ್ಮ ತಲೆಯಾಡಿಸಿದರು. ನಗಾರಿ ಬಾಗಿಲ ಕಡೆ ಮುಖ ಮಾಡಿ, ಇದೆಲ್ಲ ನಾಟಕ, ನನಗೆ ಕೆಲಸವಿದೆ ಎನ್ನುತ್ತಾ ಬೆರಳೆತ್ತಿದ್ದರು. ಪಲ್ಲಕ್ಕಿ ಹಿಂದಿನಿಂದ ಹೋಗಿ ಬೆನ್ನಿಗೆ ಮೆಲ್ಲಗೆ ಒಂದು ತಟ್ಟಿದ. ನಗಾರಿಯ ಮಾತು ಅರ್ಧಕ್ಕೆ ನಿಂತಿತು. ಎರಡನೆಯದು ತಟ್ಟಿದ. ಸಮಿತಿಯ ಅಷ್ಟೂ ಕಣ್ಣುಗಳ ಮುಂದೆ ಮುಖ್ಯಮಂತ್ರಿಗಳ ಮೈ ಸಡಿಲವಾಯಿತು, ಕಾಲು ಮಡಚಿತು, ಎಡಗೈ ಮೇಲೆದ್ದು, ಯಾರನ್ನೂ ಕೇಳದೆ, ಮಾರ್ಷಲ್‌ನ ಕುತ್ತಿಗೆಯನ್ನು ಸುತ್ತಿಕೊಂಡಿತು.

ಮೊದಲು ನಕ್ಕವರು ಪೀಠದ ಅಮ್ಮ. ಆಮೇಲೆ ಯಾರು ಯಾವ ಪಕ್ಷ ಎಂದು ತಿಳಿಯದಷ್ಟು ನಗು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಿಂದಿನ ಬೆಂಚಿನವರ ಜೊತೆ ಅವರು ನಕ್ಕದ್ದು ಅದೇ ಮೊದಲು. ನಗಾರಿ ತಮ್ಮ ಕೈಯನ್ನು ತಾವೇ ಅಚ್ಚರಿಯಿಂದ ನೋಡಿಕೊಂಡು, ಹೊಟ್ಟೆ ಕುಲುಕಿಸಿ ನಕ್ಕರು. ನಕ್ಕಾದ ಮೇಲೆ ಪಲ್ಲಕ್ಕಿಯ ಕಿವಿಯಲ್ಲಿ, “ಆಯ್ತಲ್ಲ, ಇಳಿಸಯ್ಯ,” ಎಂದರು.

ಪಲ್ಲಕ್ಕಿ ಇಳಿಸಲಿಲ್ಲ. ಎದುರಿಗೆ ಸಭಾಂಗಣದ ಬಾಗಿಲು. ಹೊರಲು ಕಲಿತ ಮೇಲೆ ಆ ಸಭಾಂಗಣದಿಂದ ಎಷ್ಟೋ ಜನರನ್ನು ಹೊರಗೆ ತಂದಿದ್ದ. ಒಬ್ಬರನ್ನಾದರೂ ಒಳಗೆ ಒಯ್ದ ನೆನಪಿರಲಿಲ್ಲ. ಮನೆಯಲ್ಲಿ ಸಾವಿರ ಸಲ ಬೈಸಿಕೊಂಡದ್ದು ಈಗ ಒಮ್ಮೆಲೇ ಅರ್ಥವಾದಂತೆ ಅವನಿಗೆ ಮೈಯೆಲ್ಲ ಹಗುರವಾಯಿತು.

“ಎತ್ತಿದ ಜಾಗಕ್ಕೇ ಇಡ್ತೀನಿ ಸಾರ್,” ಎಂದ.

ಬಾಗಿಲನ್ನು ಕಾಲಿನಿಂದ ತಳ್ಳಿದ. ನಗಾರಿ ಏಯ್ ಏಯ್ ಎಂದರು, ಆದರೆ ಎಡಗೈ ಕುತ್ತಿಗೆ ಬಿಡಲಿಲ್ಲ. ಹಿಂದಿನಿಂದ ಸಮಿತಿ ಎದ್ದೆನೋ ಬಿದ್ದೆನೋ ಎಂದು ಓಡಿಬಂತು, ಎಲ್ಲರ ಮುಂದೆ ಮೇಷ್ಟ್ರು. ಸಭೆಗೆ ಸಭೆಯೇ ಎದ್ದು ನಿಂತಿತು. ಅಭ್ಯಾಸದ ಮೇಲೆ ಪಲ್ಲಕ್ಕಿ ಪತ್ರಕರ್ತರ ಮುಂದೆ ಸ್ವಲ್ಪ ನಿಧಾನಿಸಿದ. ಬಾವಿಗಿಳಿದು, ಯಾವ ಜಾಗದಿಂದ ಎತ್ತಿದ್ದನೋ ಅಲ್ಲಿಗೇ, ಗಾಜಿನ ಪಾತ್ರೆ ಇಟ್ಟಂತೆ ಇಟ್ಟ. ಕೆಳಗೆ ಬಿದ್ದಿದ್ದ ಒಂದು ಚಪ್ಪಲಿಯನ್ನು ಯಾರೋ ತಂದುಕೊಟ್ಟರು. ಅದನ್ನೂ ಅವರ ಕಾಲ ಬಳಿ ಇಟ್ಟ.

ಪೀಠದ ಅಮ್ಮ ಬಂದು ಕೂತರು. ಮೇಷ್ಟ್ರು ಏದುಸಿರು ಬಿಡುತ್ತಾ ಎದುರಿಗೆ ನಿಂತರು. ಕೀರಲು ದನಿಯಿಲ್ಲ, ಬೆರಳಿಲ್ಲ. ಪಾಠ ಹೇಳುತ್ತಿದ್ದ ಕಾಲದ ದನಿಯಲ್ಲಿ, ನೀರು ಮಂಡಳಿಯನ್ನು ಯಾರನ್ನು ಕೇಳಿ ತೆಗೆದುಕೊಂಡಿರಿ ಎಂದರು. ನಗಾರಿಯ ಪಕ್ಷದವರು ಕೂಗಲು ಬಾಯಿ ತೆರೆದರು. ನಗಾರಿ ಕೈ ಎತ್ತಿ ಅವರನ್ನು ತಡೆದರು. ಚಪ್ಪಲಿ ಮೆಟ್ಟಿದರು, ಅಂಗಿ ಎಳೆದುಕೊಂಡರು, ಒಂದು ಸಲ ಪಲ್ಲಕ್ಕಿಯ ಕಡೆ ನೋಡಿದರು.

“ಯಾರನ್ನೂ ಕೇಳಿಲ್ಲ,” ಎಂದರು. “ಕೇಳಬೇಕಿತ್ತು.”

ಗೆದ್ದೆವು ಎಂದು ಮೇಜು ಕುಟ್ಟಲು ಎತ್ತಿದ ವಿರೋಧ ಪಕ್ಷದ ಕೈಗಳು ಹಾಗೇ ನಿಂತವು, ಏಕೆಂದರೆ ಮೇಷ್ಟ್ರು ನಿಂತಲ್ಲೇ ತಲೆ ತಗ್ಗಿಸಿ ಕನ್ನಡಕ ಒರೆಸುತ್ತಿದ್ದರು. ವಿದ್ಯುತ್ ಮಂಡಳಿಯ ಕಾಲದಲ್ಲಿ ನಾನೂ ಕೇಳಿರಲಿಲ್ಲ ಎಂದು ಅವರು ಹೇಳಿದ್ದು ಮುಂದಿನ ಸಾಲಿಗೆ ಮಾತ್ರ ಕೇಳಿಸಿತು. ಅದನ್ನೂ ಬರೆದುಕೊಳ್ಳಿ ಎಂದು ಪೀಠದ ಅಮ್ಮ ಸಭೆಯ ವರದಿಗಾರರಿಗೆ ಹೇಳಿದರು.

ಹಿಂದಿನ ಓಣಿಯ ಪುಟ್ಟ ಮನೆಯಲ್ಲಿ ಟೀವಿಯ ಮುಂದೆ ಅಮ್ಮನೂ ಮಾವನೂ ಒಟ್ಟಿಗೆ ಕೈ ತಟ್ಟಿದರಂತೆ, ಆಮೇಲೆ ಯಾರು ಮೊದಲು ತಟ್ಟಿದ್ದು ಎಂದು ಜಗಳ ಶುರುವಾಯಿತಂತೆ. ಹೆಂಡತಿ ಮಾತ್ರ ಯಂತ್ರದ ಮುಂದಿಂದ ಎದ್ದು ಬಂದು, ಪರದೆಯ ಮೇಲೆ ಕಾಣುತ್ತಿದ್ದ ಗಂಡನ ಬೆನ್ನನ್ನೇ ನೋಡುತ್ತಾ ನಿಂತಿದ್ದಳು.

ಆ ಬೆನ್ನು ಬಾವಿಯ ನಡುವೆ ಸುಮ್ಮನೆ ನಿಂತಿತ್ತು. ಅಮಾನತ್ತಿನಲ್ಲಿದ್ದವನು ಸಭೆಯೊಳಗೆ ಕಾಲಿಟ್ಟದ್ದೇ ತಪ್ಪು, ಅದೂ ಮುಖ್ಯಮಂತ್ರಿಯನ್ನು ಎರಡನೆಯ ಬಾರಿ ಹೊತ್ತುಕೊಂಡು. ಇನ್ನು ತನ್ನನ್ನು ಎತ್ತಲು ಬೇರೆ ಮಾರ್ಷಲ್‌ಗಳು ಬೇಡ, ತಾನಾಗಿ ಹೊರಗೆ ಹೋಗುವುದೇ ಸರಿ ಎಂದು ಪಲ್ಲಕ್ಕಿ ಬಾಗಿಲ ಕಡೆಗೆ ತಿರುಗಿದ.

“ಮಾರ್ಷಲ್,” ಎಂದರು ಪೀಠದ ಅಮ್ಮ. “ಎಲ್ಲಿಗೆ? ನಿಮ್ಮ ಜಾಗದಲ್ಲಿ ನಿಂತುಕೊಳ್ಳಿ.”

ಅವನಿಗೆ ತಕ್ಷಣ ತಿಳಿಯಲಿಲ್ಲ. ಬಾಗಿಲ ಪಕ್ಕದ ಕಂಬದ ಬಳಿ, ವರ್ಷಗಟ್ಟಲೆ ಅವನ ಭುಜ ಒರಗಿ ಬಣ್ಣ ಮಾಸಿದ್ದ ಗುರುತು ಕಂಡಿತು. ಹೋಗಿ ಅದಕ್ಕೆ ಭುಜ ಕೊಟ್ಟು ನಿಂತ. ಎತ್ತಲು ಏನೂ ಉಳಿಯದ ಕೈಗಳನ್ನು ಜೇಬಿಗೆ ಹಾಕಿದ. ಜೇಬಿನಲ್ಲಿ ಹೆಂಡತಿಯ ಕತ್ತರಿ ಸಿಕ್ಕಿತು.